ಮಡಿಕೇರಿಯ ಒಂದು ಫಿಸಿಯೋಥೆರಪಿ ಕ್ಲಿನಿಕ್: ತಪಾಸಣೆಗೆ ಪೂರ್ತಿ ಮಾರ್ಕು, ಮೆಟ್ಟಿಲಿಗೆ ಸೊನ್ನೆ

ಎಷ್ಟು ಮಷೀನು ಇದೆ ಅಂತ ನೋಡಿ ಫಿಸಿಯೋಥೆರಪಿ ಕ್ಲಿನಿಕ್ ಆರಿಸುವವರಿಗೆ ಈ ಜಾಗ ಹಿಡಿಸಲಿಕ್ಕಿಲ್ಲ. ಇಲ್ಲಿರುವುದು ಎರಡು ಮಂಚ, ಗೋಡೆಗೆ ಹೊಡೆದ ಒಂದು ಕಂಬಿ, ಕೈ ಇರುವ ಒಂದು ಮರದ ಕುರ್ಚಿ, ನೆಲಕ್ಕೆ ಅಂಟಿಸಿದ ಹಳದಿ ಟೇಪು, ದಪ್ಪದ ಒಂದು ನೀಲಿ ಸ್ಪಂಜು. ಮೂಲೆಯಲ್ಲಿ ಕರೆಂಟ್ ಕೊಡುವ ಪೆಟ್ಟಿಗೆಯೂ ಇದೆ, ಆದರೆ ನಮಗೆ ಅದನ್ನು ಮುಟ್ಟಿಸಲೇ ಇಲ್ಲ. ವಯಸ್ಸಾದವರು ಮನೆಯಲ್ಲಿ ಪದೇ ಪದೇ ಬೀಳುತ್ತಿದ್ದರೆ, ಯಾಕೆ ಬೀಳುತ್ತಿದ್ದಾರೆ ಅಂತ ಪತ್ತೆ ಮಾಡಿಸೋಕೆ ಮಾತ್ರ ಇದು ಒಳ್ಳೆಯ ಜಾಗ. ಹೆಸರು ಬರೆಯುತ್ತಿಲ್ಲ. ಹೊಗಳುವುದರ ಜೊತೆ ಬೈಯುವುದೂ ಇದೆ. ಊರು ಸಣ್ಣದು, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು.

ನಮ್ಮತ್ತೆಗೆ 74. ಶುಗರ್ ಶುರುವಾಗಿ ವರ್ಷಗಳೇ ಆದವು. ಮನೆ ಸುಂಟಿಕೊಪ್ಪದ ಕಡೆ, ಕಾಫಿ ತೋಟದ ನಡುವೆ. ಗೇಟಿಂದ ಮನೆಗೆ ಏರು, ಮನೆಯಿಂದ ಕಣಕ್ಕೆ ಇಳಿಜಾರು. ಕಳೆದ ಮಳೆಗಾಲದಲ್ಲಿ ಅವರು ಬೀಳೋಕೆ ಶುರು ಮಾಡಿದರು. ಒಮ್ಮೆ ಬಚ್ಚಲುಮನೆಯಲ್ಲಿ, ತಲೆಗೆ ನೀರು ಹಾಕಿಕೊಳ್ಳುವಾಗ. ಒಮ್ಮೆ ಕರೆಂಟ್ ಹೋದ ರಾತ್ರಿ, ನಡುಮನೆಯಲ್ಲಿ. ಇನ್ನೊಮ್ಮೆ ಅಂಗಳದಲ್ಲಿ, ಗೇಟಿನ ಹತ್ತಿರದಿಂದ ಯಾರೋ ಕೂಗಿದಾಗ. ಮೂಳೆ ಮುರಿಯಲಿಲ್ಲ, ಪುಣ್ಯ. ಮನೆಯವರೆಲ್ಲ ಸೇರಿ ಪಾಚಿಗೆ ಬೈದೆವು. ಬ್ಲೀಚಿಂಗ್ ಪೌಡರ್ ಹಾಕಿ ಅಂಗಳ ತಿಕ್ಕಿಸಿದೆವು. ನಡುಮನೆಯಲ್ಲಿ ಪಾಚಿ ಎಲ್ಲಿಂದ ಬರಬೇಕು ಅಂತ ಮಾತ್ರ ಯಾರೂ ಕೇಳಲಿಲ್ಲ.

ಇದಕ್ಕೂ ಮೊದಲು ಬೇರೊಂದು ಕಡೆ ತೋರಿಸಿದ್ದೆವು. ಅಲ್ಲಿ ಬಾಗಿಲಲ್ಲೇ 'ಮಂಡಿ ನೋವಾ?' ಅಂತ ಕೇಳಿದರು. ಈ ವಯಸ್ಸಲ್ಲಿ ಯಾರಿಗೆ ಇಲ್ಲ ಹೇಳಿ! ಹೌದು ಅಂದದ್ದೇ ತಡ, ಮಲಗಿಸಿ ಶಾಖ ಇಟ್ಟರು, ಕರೆಂಟ್ ಹಚ್ಚಿದರು, ಬಿಲ್ ಕೊಟ್ಟರು. ಹೋದಾಗಲೆಲ್ಲ ಅಷ್ಟೇ. ಒಂದು ದಿನವೂ 'ಎದ್ದು ನಿಲ್ಲಿ, ನಾಲ್ಕು ಹೆಜ್ಜೆ ನಡೆಯಿರಿ' ಅನ್ನಲಿಲ್ಲ. ಮಂಡಿ ನೋವು ಸ್ವಲ್ಪ ಕಡಿಮೆ ಆಯಿತು ಅನ್ನುವುದು ನಿಜ. ಬೀಳುವುದು ನಿಲ್ಲಲಿಲ್ಲ.

ಮಡಿಕೇರಿಯ ಈ ಕ್ಲಿನಿಕ್‌ನಲ್ಲಿ ಮೊದಲ ದಿನ ಒಂದು ಗಂಟೆಗಿಂತ ಜಾಸ್ತಿ ಹಿಡಿಯಿತು. ಅದಕ್ಕೆ 600 ರೂಪಾಯಿ. ಫಿಸಿಯೋಥೆರಪಿಸ್ಟ್ ಮೇಡಂ ಚಿಕ್ಕ ವಯಸ್ಸಿನವರು, ಮಾತು ಕಡಿಮೆ, ಕಣ್ಣು ಚುರುಕು. ಮೊದಲು ಕೇಳಿದ್ದೇ ಬಿದ್ದ ಕಥೆಗಳನ್ನು. ಎಲ್ಲಿ, ಎಷ್ಟು ಹೊತ್ತಿಗೆ, ಬೆಳಕಿತ್ತಾ, ಕಾಲಲ್ಲಿ ಏನಿತ್ತು, ಕೈಯಲ್ಲಿ ಏನಿತ್ತು, ಯಾವ ಕಡೆ ಬಿದ್ದಿರಿ, ಆಗ ತಲೆ ಸುತ್ತಿತ್ತಾ? ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಕೋಣೆ ತಿರುಗಿದ ಹಾಗೆ ಆಗುತ್ತದಾ ಅಂತಲೂ ಕೇಳಿದರು. ಹಾಗಿದ್ದರೆ ಕಿವಿಯ ಒಳಗಿನ ತೊಂದರೆ ಇರಬಹುದಂತೆ, ಅದಕ್ಕೆ ಪರೀಕ್ಷೆ ಬೇರೆ, ಚಿಕಿತ್ಸೆಯೂ ಬೇರೆ. ಅತ್ತೆ ಇಲ್ಲ ಅಂದರು. ಆಮೇಲೆ ಮಾತ್ರೆಗಳ ಚೀಟಿ ನೋಡಿದರು. ಮಲಗಿಸಿ ಬಿಪಿ ನೋಡಿದರು, ಎದ್ದು ನಿಂತ 1 ನಿಮಿಷಕ್ಕೆ ಒಮ್ಮೆ, 3 ನಿಮಿಷಕ್ಕೆ ಒಮ್ಮೆ ಮತ್ತೆ ನೋಡಿದರು. ಮೇಲಿನ ಬಿಪಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಎದ್ದ ತಕ್ಷಣ ಬೀಳೋಕೆ ಅದೇ ಕಾರಣ ಇರಬಹುದು. ಅತ್ತೆಯದು ಅಷ್ಟು ಇಳಿಯಲಿಲ್ಲ.

ಆಮೇಲೆ ಬ್ಯಾಲೆನ್ಸ್ ಪರೀಕ್ಷೆ. 'ಬರ್ಗ್' ಅಂತ ಹೆಸರು. ಕೆನಡಾದ ಕ್ಯಾಥರೀನ್ ಬರ್ಗ್ ಅನ್ನುವವರು ಮಾಡಿದ್ದು, 1989ರಿಂದ ಬಳಕೆಯಲ್ಲಿದೆ. 14 ಕೆಲಸ, ಒಂದೊಂದಕ್ಕೆ 0ಯಿಂದ 4 ಮಾರ್ಕು, ಒಟ್ಟು 56. ಕೆಲಸಗಳೇನೂ ದೊಡ್ಡವಲ್ಲ. ಕೈ ಊರದೆ ಕುರ್ಚಿಯಿಂದ ಏಳುವುದು, ಸುಮ್ನೆ ನಿಲ್ಲುವುದು, ಪಾದ ಜೋಡಿಸಿ ನಿಲ್ಲುವುದು, ನೆಲದಿಂದ ಚಪ್ಪಲಿ ಎತ್ತುವುದು, ಹೆಗಲ ಮೇಲಿಂದ ಹಿಂದೆ ನೋಡುವುದು, ನಿಂತಲ್ಲೇ ಒಂದು ಸುತ್ತು ತಿರುಗುವುದು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಲ್ಲುವುದು, ಕೊನೆಗೆ ಒಂಟಿ ಕಾಲಲ್ಲಿ ನಿಲ್ಲುವುದು. 'ನಾನೇನು ಎಲ್‌ಕೆಜಿ ಮಗುವಾ, ಒಂಟಿ ಕಾಲಲ್ಲಿ ನಿಲ್ಲೋಕೆ?' ಅಂತ ಅತ್ತೆ ರೇಗಿದರು. ಮೇಡಂ ನಗಲೂ ಇಲ್ಲ, ಒತ್ತಾಯವನ್ನೂ ಮಾಡಲಿಲ್ಲ. 'ಅಮ್ಮಾ, ಮೆಟ್ಟಿಲು ಹತ್ತುವಾಗ ಒಂದು ಕ್ಷಣ ನೀವು ಒಂಟಿ ಕಾಲಲ್ಲೇ ಇರ್ತೀರಲ್ಲ' ಅಂದರು. ಅತ್ತೆ ಗೊಣಗುತ್ತಲೇ ಕಾಲೆತ್ತಿದರು. ಪೂರ್ತಿ ಮಾರ್ಕಿಗೆ 10 ಸೆಕೆಂಡಿಗಿಂತ ಜಾಸ್ತಿ ನಿಲ್ಲಬೇಕು. ಇವರು 3 ಎಣಿಸುವಷ್ಟರಲ್ಲಿ ಕಂಬಿ ಹಿಡಿದರು.

ಇಷ್ಟಕ್ಕೂ ಮೊದಲು ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿದ್ದರು, ಹಿಂದೆ ಹಿಡಿ ಇರುವಂಥದ್ದು. 'ಸೀರೆ ಸ್ವಲ್ಪ ಎತ್ತಿ ಕಟ್ಟಿಕೊಳ್ಳಿ ಅಮ್ಮ, ಪಾದ ಕಾಣಬೇಕು' ಅಂದಿದ್ದರು. ಪರದೆ ಎಳೆದಿದ್ದರು. ಇಂಥ ಸಣ್ಣ ಮರ್ಯಾದೆಗಳು ಎಲ್ಲ ಕಡೆ ಸಿಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಟ್ಟು 41 ಬಂತು. 45ಕ್ಕಿಂತ ಕಡಿಮೆ ಇದ್ದರೆ ಬೀಳುವ ಸಾಧ್ಯತೆ ಜಾಸ್ತಿ ಅಂತ ಸಾಮಾನ್ಯವಾಗಿ ಹೇಳುತ್ತಾರಂತೆ. ಆದರೆ ಮೇಡಂ ಆ ನಂಬರ್ ಮುಂದಿಟ್ಟು ನಮ್ಮನ್ನು ಹೆದರಿಸಲಿಲ್ಲ. 'ಎಷ್ಟು ಬಂತು ಅನ್ನೋದಕ್ಕಿಂತ ಎಲ್ಲಿ ಹೋಯ್ತು ಅನ್ನೋದು ನೋಡಿ' ಅಂತ ಹಾಳೆ ತಿರುಗಿಸಿ ತೋರಿಸಿದರು. ಕೂರುವುದು, ಏಳುವುದಕ್ಕೆ ಒಳ್ಳೆಯ ಮಾರ್ಕೇ ಇತ್ತು. ಕಣ್ಣು ಮುಚ್ಚಿ ನಿಲ್ಲುವುದು, ತಿರುಗುವುದು, ಒಂಟಿ ಕಾಲು, ಇಲ್ಲೆಲ್ಲ ಹೋಗಿತ್ತು. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಒಟ್ಟು ಮೊತ್ತ ನೋಡಿ ಸುಮ್ಮನಾಗದೆ ಒಂದೊಂದು ಸಾಲು ನೋಡುವವರನ್ನು ಕಂಡರೆ ನನಗೆ ಗೌರವ.

ಅವತ್ತಿನ ದುಡ್ಡು ಪೂರ್ತಿ ಸಾರ್ಥಕ ಆದದ್ದು ಆ ನೀಲಿ ಸ್ಪಂಜಿನ ಪರೀಕ್ಷೆಯಲ್ಲಿ. ಮೇಡಂ ಮೊದಲು ವಿಷಯ ಹೇಳಿದರು. ನಾವು ನೆಟ್ಟಗೆ ನಿಲ್ಲುವುದು ಮೂರು ಕಡೆಯ ಸುದ್ದಿಯ ಮೇಲೆ. ಕಣ್ಣು ನೋಡಿ ಹೇಳುತ್ತದೆ. ಕಿವಿಯ ಒಳಭಾಗ ತಲೆ ಎತ್ತ ವಾಲಿದೆ ಅಂತ ಹೇಳುತ್ತದೆ. ಪಾದ, ಕಾಲಿನ ಸಂದುಗಳು ನೆಲ ಹೇಗಿದೆ, ಭಾರ ಎಲ್ಲಿದೆ ಅಂತ ಹೇಳುತ್ತವೆ. ಒಂದು ಕಡೆಯ ಸುದ್ದಿ ನಿಂತರೆ ಉಳಿದೆರಡು ಹೇಗೋ ಸಂಭಾಳಿಸುತ್ತವೆ. ಎರಡು ನಿಂತರೆ ಕಷ್ಟ. ಯಾವುದು ಕೈಕೊಟ್ಟಿದೆ ಅಂತ ತಿಳಿಯೋಕೆ ಒಂದೊಂದನ್ನೇ ಬೇಕಂತ ಮುಚ್ಚಿ ನೋಡುವುದು.

ಗಟ್ಟಿ ನೆಲ, ಕಣ್ಣು ತೆರೆದು: ಅತ್ತೆ 30 ಸೆಕೆಂಡು ನಿಂತರು, ಮಧ್ಯೆ ನನ್ನ ಕಡೆ ನೋಡಿ 'ಗ್ಯಾಸ್ ಆಫ್ ಮಾಡಿದ್ದೀಯಲ್ಲಾ?' ಅಂತ ಬೇರೆ ಕೇಳಿದರು. ಅದೇ ನೆಲ, ಕಣ್ಣು ಮುಚ್ಚಿ: ಎರಡು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮೈ ತೂಗೋಕೆ ಶುರು. ಕಾಲ್ಬೆರಳು ಟೈಲ್ಸ್ ಹಿಡಿಯೋಕೆ ನೋಡುತ್ತಿದ್ದವು. ಹಿಮ್ಮಡಿಯ ಮೇಲಿನ ನರ ಒಮ್ಮೆ ಬಿಗಿಯುತ್ತಿತ್ತು, ಒಮ್ಮೆ ಸಡಿಲ ಆಗುತ್ತಿತ್ತು. ಮೇಡಂ ಕೈಗಳು ಅತ್ತೆಯ ಸೊಂಟದ ಎರಡೂ ಕಡೆ ಇದ್ದವು, ಆದರೆ ಮುಟ್ಟುತ್ತಿರಲಿಲ್ಲ. ಅರ್ಧ ಹೊತ್ತೂ ಆಗಿರಲಿಲ್ಲ, ಅತ್ತೆ ಕಣ್ಣು ಬಿಟ್ಟರು. ಆಮೇಲೆ ಸ್ಪಂಜಿನ ಮೇಲೆ ನಿಲ್ಲಿಸಿದರು, ಕಣ್ಣು ತೆರೆದೇ. ಇದು ಆಗುವ ಮಾತಲ್ಲ ಅಂದುಕೊಂಡೆ. ಅತ್ತೆ ಅಲುಗಾಡಿದರೂ ನಿಂತರು! ಮೆತ್ತನೆ ಸ್ಪಂಜಿನ ಮೇಲೆ ಕಣ್ಣು ಬಿಟ್ಟು ನಿಲ್ಲುವವರು, ಗಟ್ಟಿ ನೆಲದ ಮೇಲೆ ಕಣ್ಣು ಮುಚ್ಚಿದರೆ ನಿಲ್ಲಲಾರರು. ಪಾದದಿಂದ ಬರಬೇಕಾದ ಸುದ್ದಿ ಸರಿಯಾಗಿ ಬರುತ್ತಿಲ್ಲ, ಕಣ್ಣೇ ಪೂರ್ತಿ ಹೊರೆ ಹೊತ್ತಿದೆ ಅನ್ನುವುದಕ್ಕೆ ಇದು ಗುರುತು ಅಂದರು ಮೇಡಂ. ಪಾದ ಜೋಡಿಸಿ ಕಣ್ಣು ಮುಚ್ಚಿ ನಿಲ್ಲಿಸುವ ಈ ಉಪಾಯ 19ನೇ ಶತಮಾನದ ಜರ್ಮನ್ ವೈದ್ಯ ರೋಂಬರ್ಗ್ ಹೆಸರಿನಲ್ಲಿ ಈಗಲೂ ನಡೆಯುತ್ತಿದೆ.

ಖಾತ್ರಿ ಮಾಡಿಕೊಳ್ಳೋಕೆ ಗಾಳದ ದಾರದಂಥ ಒಂದು ನೈಲಾನ್ ಎಳೆ ತಂದರು. 10 ಗ್ರಾಂ ಒತ್ತಡ ಬಿದ್ದರೆ ಬಾಗುವ ಹಾಗೆ ಮಾಡಿದ್ದು. ಕಣ್ಣು ಮುಚ್ಚಿಸಿ ಪಾದದ ಅಡಿಯಲ್ಲಿ ಅಲ್ಲಲ್ಲಿ ಒತ್ತಿದರು, ಗೊತ್ತಾದರೆ ಹೇಳಿ ಅಂದರು. ಹಿಮ್ಮಡಿಯ ಹತ್ತಿರ ಅತ್ತೆ 'ಹ್ಞಾಂ' ಅಂದರು. ಹೆಬ್ಬೆರಳಿನ ಕೆಳಗೆ ಎಳೆ ಬಾಗಿದ್ದು ನಾನು ಕಂಡೆ, ಅತ್ತೆ ಇನ್ನೂ ಕಾಯುತ್ತಾ ಕೂತಿದ್ದರು. ಒಮ್ಮೆ ಅದೇ ಬೆರಳಿಗೆ ಮುಳ್ಳು ಹೊಕ್ಕು ಕೀವಾಗಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಬಚ್ಚಲುಮನೆಯಲ್ಲಿ ತಲೆಗೆ ನೀರು ಹಾಕಿಕೊಳ್ಳುವಾಗ ಕಣ್ಣು ಮುಚ್ಚಿರುತ್ತದೆ. ಕರೆಂಟ್ ಹೋದಾಗ ಕಣ್ಣು ಇದ್ದೂ ಇಲ್ಲ. ಕೊಡಗಿನ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೋ ದೇವರೇ ಬಲ್ಲ. ಎರಡು ಸಲ ಬಿದ್ದದ್ದಕ್ಕೆ ಕಾರಣ ಅಲ್ಲಿಗೆ ಸಿಕ್ಕಿತು. ಮೂರನೆಯದು ಉಳಿಯಿತು. ಅಂಗಳದಲ್ಲಿ ಹಗಲು ಹೊತ್ತು ಬಿದ್ದದ್ದು.

ಅದೂ ಸಿಕ್ಕಿತು, ಕುರ್ಚಿಯ ಪರೀಕ್ಷೆಯಲ್ಲಿ. ಕುರ್ಚಿಯಿಂದ ಎದ್ದು 3 ಮೀಟರ್ ದೂರದ ಹಳದಿ ಟೇಪಿನ ತನಕ ನಡೆದು, ತಿರುಗಿ ಬಂದು ಕೂರಬೇಕು. ವಾಚ್ ಹಿಡಿದು ನೋಡುತ್ತಾರೆ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಆದರೆ ಬೀಳುವ ಅಪಾಯ ಇದೆ ಅಂತ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಲೆಕ್ಕ. ಅತ್ತೆಗೆ 17 ಆಯಿತು. ಆಮೇಲೆ ಅದನ್ನೇ ಮಾತಾಡುತ್ತಾ ಮಾಡಿಸಿದರು. 50ರಿಂದ 3 ಕಳೆಯುತ್ತಾ ಹೋಗಿ ಅಂದರು. ತೋಟದ ಕೂಲಿ ಲೆಕ್ಕ ಬಾಯಲ್ಲೇ ಹಾಕುವ ನಮ್ಮತ್ತೆ '47, 44' ಅಂತ ಸರಾಗವಾಗಿಯೇ ಹೇಳಿದರು. ಆದರೆ ಕಾಲು ನಿಂತುಬಿಟ್ಟಿತು. 41 ಹೇಳಿದ ಮೇಲೆ ಮತ್ತೆ ನಡೆದರು. ನಡೆಯುವುದಕ್ಕೇ ಗಮನ ಪೂರ್ತಿ ಖರ್ಚಾಗುತ್ತಿದೆ, ಮಾತಿಗೆ ಉಳಿಯುತ್ತಿಲ್ಲ ಅಂತ ಮೇಡಂ ಹೇಳಿದರು. ಗೇಟಿಂದ ಯಾರಾದರೂ ಕೂಗಿದರೆ ಅತ್ತೆ ನಡೆಯುತ್ತಲೇ ತಿರುಗಿ ಉತ್ತರ ಕೊಡುತ್ತಾರೆ. ಅಲ್ಲಿಗೆ ಪಾಚಿಯ ಮೇಲಿದ್ದ ಕೇಸು ಅರ್ಧ ಬಿದ್ದುಹೋಯಿತು.

ಇನ್ನೊಂದು ಪರೀಕ್ಷೆ ನೋಡಿ ನನಗೆ ಸ್ವಲ್ಪ ಭಯ ಆಯಿತು. ಮೇಡಂ ಅತ್ತೆಯ ಭುಜದ ಹಿಂದೆ ಅಂಗೈ ಇಟ್ಟು, 'ನನ್ನ ಕೈಗೆ ಒರಗಿ' ಅಂತ ಹೇಳಿ, ತಟ್ಟನೆ ಕೈ ತೆಗೆದರು. ಬೀಳದ ಹಾಗೆ ತಾವೇ ಹಿಂದೆ ನಿಂತಿದ್ದರು, ಬೆಲ್ಟೂ ಇತ್ತು. ಸ್ವಲ್ಪ ವಾಲಿದರೆ ಮೈ ಕಾಲಿನ ಗಂಟಿನಲ್ಲೇ ಸರಿಮಾಡಿಕೊಳ್ಳುತ್ತದೆ. ಜಾಸ್ತಿ ವಾಲಿದರೆ ಸೊಂಟ ಬಾಗುತ್ತದೆ. ಅದೂ ಸಾಲದಿದ್ದರೆ ಕಾಲು ತಾನಾಗಿ ಹೆಜ್ಜೆ ಹಾಕುತ್ತದೆ. ನಮ್ಮತ್ತೆ ಹೆಜ್ಜೆ ಹಾಕಲಿಲ್ಲ. ಮೈ ಮರದ ಹಾಗೆ ಬಿಗಿದು, ಕೈ ಮಾತ್ರ ಗಾಳಿಯಲ್ಲಿ ನನ್ನ ಕೈ ಹುಡುಕಿತು. 'ನೀವು ಯಾವಾಗ್ಲೂ ಕೈ ಹಿಡಿದು ನಡೆಸ್ತೀರಾ?' ಅಂತ ಮೇಡಂ ನನ್ನನ್ನು ಕೇಳಿದರು. ಹೌದು ಅಂದೆ. 'ಹಿಡಿಯಬೇಡಿ ಅಂತಲ್ಲ. ಆದ್ರೆ ಹೆಜ್ಜೆ ಹಾಕೋದನ್ನ ಇವರಿಗೆ ಮತ್ತೆ ಅಭ್ಯಾಸ ಮಾಡಿಸಬೇಕು' ಅಂದರು. ಈ ಅಭ್ಯಾಸ ಕ್ಲಿನಿಕ್‌ನಲ್ಲಿ ಮಾತ್ರ, ಮನೆಯಲ್ಲಿ ನಾವು ತಳ್ಳಿ ನೋಡಬಾರದು. ಕಣ್ಣು ಮುಚ್ಚಿ ನಿಲ್ಲಿಸುವುದೂ ಅಷ್ಟೇ. ಓದಿದವರು ದಯವಿಟ್ಟು ಮನೆಯ ಹಿರಿಯರ ಮೇಲೆ ಪ್ರಯೋಗ ಮಾಡಬೇಡಿ.

ಕೊನೆಗೆ ಡಾಕ್ಟರ್‌ಗೆ ಒಂದು ಚೀಟಿ ಬರೆದುಕೊಟ್ಟರು. ಶುಗರ್‌ಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಿಗೆ ವಿಟಮಿನ್ ಬಿ12 ಕಡಿಮೆ ಆಗುವುದುಂಟು, ಶುಗರ್‌ನಿಂದ ಮಾತ್ರ ಅಲ್ಲ, ಅದರಿಂದಲೂ ಕಾಲಿನ ಸ್ಪರ್ಶ ಮಂಕಾಗುತ್ತದೆ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಅಂತ. ತಮ್ಮ ಕೆಲಸದ ಗೆರೆ ಎಲ್ಲಿಗೆ ಮುಗಿಯುತ್ತದೆ ಅಂತ ಗೊತ್ತಿರುವವರು. ಇದು ನನಗೆ ಇಷ್ಟ ಆಯಿತು.

ಮನೆಗೆ ಹೇಳಿದ ಬದಲಾವಣೆಗಳು ಸುಲಭದವು. ಬಚ್ಚಲುಮನೆಯಲ್ಲಿ ಕೂತು ಸ್ನಾನ, ಗೋಡೆಗೆ ಕಂಬಿ, ದಾರಿಯಲ್ಲಿ ಇನ್ವರ್ಟರ್‌ಗೆ ಹಾಕಿದ ಸಣ್ಣ ದೀಪ, ತಲೆದಿಂಬಿನ ಹತ್ತಿರ ಟಾರ್ಚ್, ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವ ಚಪ್ಪಲಿ, ದಿನಾ ರಾತ್ರಿ ಪಾದ ನೋಡುವುದು. ವ್ಯಾಯಾಮ ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದರಿಂದ ಶುರು.

ಈಗ ಬೈಯುವ ಭಾಗ. ಬ್ಯಾಲೆನ್ಸ್ ಇಲ್ಲದವರನ್ನು ನೋಡುವ ಕ್ಲಿನಿಕ್ ಇರುವುದು ಮೊದಲ ಮಹಡಿಯಲ್ಲಿ! ಮೆಟ್ಟಿಲು ಕಿರಿದು, ಕಡಿದು, ಕಂಬಿ ಒಂದೇ ಕಡೆ. ಇಳಿಯುವಾಗ ಅದು ಎಡಗೈಗೆ ಸಿಗುತ್ತದೆ, ಅತ್ತೆಯ ಗಟ್ಟಿ ಕೈ ಬಲಗೈ. ಮಳೆ ಬಂದರೆ ಎಲ್ಲರ ಕೊಡೆಯ ನೀರು ಆ ನುಣ್ಣನೆ ಟೈಲ್ಸ್ ಮೇಲೆ. ಬಾಡಿಗೆ ಕಟ್ಟಡ, ಓನರ್ ಒಪ್ಪಬೇಕು ಅಂತ ಹೇಳುತ್ತಾರೆ. ಒಂದು ಕಂಬಿ ಹಾಕೋಕೆ ಯಾವ ಓನರ್ ಬೇಡ ಅನ್ನುತ್ತಾನೆ? ರಿಪೋರ್ಟ್, ವ್ಯಾಯಾಮದ ಹಾಳೆ ಎರಡೂ ಇಂಗ್ಲಿಷ್‌ನಲ್ಲಿ. ನಾನು ಓದುತ್ತೇನೆ, ಮಾಡಬೇಕಾದ ಅತ್ತೆ ಓದಲ್ಲ. ಕೊನೆಗೆ ಹಾಳೆಯ ಹಿಂದೆ ನಾನೇ ಕನ್ನಡದಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿದೆ. ಹೇಳಿದ ಟೈಮಿಗೆ ಒಳಗೆ ಕರೆಯುವುದಂತೂ ಅಪರೂಪ.

ಇನ್ನೊಂದು ತಕರಾರು. ಪರೀಕ್ಷೆ ಎಲ್ಲ ಸಪಾಟಾದ ಟೈಲ್ಸ್ ಮೇಲೆ. ಕೊಡಗಲ್ಲಿ ಸಪಾಟು ನೆಲ ಎಲ್ಲಿದೆ? ಕೇಳಿದಾಗ ಮೇಡಂ ಒಪ್ಪಿಕೊಂಡರು. ಮಿನಿ ಬೆಸ್ಟ್ ಅನ್ನುವ ಇನ್ನೊಂದು ಪರೀಕ್ಷೆಯಲ್ಲಿ ಇಳಿಜಾರು ಹಲಗೆಯ ಮೇಲೆ ಕಣ್ಣು ಮುಚ್ಚಿ ನಿಲ್ಲಿಸುವುದಿದೆಯಂತೆ, ಆ ಹಲಗೆ ತಮ್ಮಲ್ಲಿಲ್ಲ ಅಂದರು. ನಮ್ಮ ಜಿಲ್ಲೆಯಲ್ಲಿ ಮೊದಲು ತರಿಸಬೇಕಾದದ್ದೇ ಅದು ಅಲ್ವಾ? ತರಿಸುವುದೂ ಬೇಡ, ತೋಟದ ಸಿಲ್ವರ್ ಮರದಲ್ಲಿ ಯಾವ ಆಚಾರಿಯಾದರೂ ಒಂದು ದಿನದಲ್ಲಿ ಮಾಡಿಕೊಡುತ್ತಾನೆ.

ಆರು ವಾರ ಕಳೆದು ಮತ್ತೆ ಪೂರ್ತಿ ಪರೀಕ್ಷೆ ಇತ್ತು. ಅವತ್ತು ಒಬ್ಬ ಟ್ರೈನಿ ಹುಡುಗ ಶುರು ಮಾಡಿದ. ಕೈ ಇಲ್ಲದ ತಗ್ಗು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದ, ಅತ್ತೆಯ ಜೊತೆ ಹರಟೆ ಹೊಡೆಯುತ್ತಲೇ ಫೋನಿನಲ್ಲಿ ಟೈಮ್ ನೋಡುತ್ತಿದ್ದ. 'ಕುರ್ಚಿ ಬದಲಾದ್ರೆ ಹೋದ ಸಲದ ಸೆಕೆಂಡಿಗೆ ಇದನ್ನ ಹೋಲಿಸೋದು ಹೇಗಪ್ಪಾ?' ಅಂತ ಕೇಳಿದೆ. ಅವನು ಮುಖ ಮುಖ ನೋಡಿದ. ಮೇಡಂ ಪಕ್ಕದ ಮಂಚದಿಂದ ಎದ್ದು ಬಂದು, ಅದೇ ಮರದ ಕುರ್ಚಿ ಹಾಕಿಸಿ, ಮೊದಲಿಂದ ಮಾಡಿದರು. ಬೇಜಾರು ಮಾಡಿಕೊಳ್ಳಲಿಲ್ಲ. ಆದರೂ ಇದು ಗ್ರಾಹಕರು ಹೇಳಿ ಆಗಬೇಕಾದ ಕೆಲಸ ಅಲ್ಲ.

ಈ ಸಲ ಬರ್ಗ್ 44. ನಡೆಯುವುದು 14 ಸೆಕೆಂಡ್. ನಾನು ಖುಷಿಯಲ್ಲಿ 'ಮೂರು ಮಾರ್ಕು ಜಾಸ್ತಿ!' ಅಂದೆ. ಮೇಡಂ ತಡೆದರು. ಒಬ್ಬರನ್ನೇ ಎರಡು ದಿನ ನೋಡಿದರೂ ಒಂದೆರಡು ಮಾರ್ಕು ಹೆಚ್ಚು ಕಡಿಮೆ ಬರುತ್ತದೆ. 35ರಿಂದ 44ರ ನಡುವೆ ಶುರುವಾದವರಿಗೆ 5 ಮಾರ್ಕು ಏರಿದರೆ ಮಾತ್ರ ನಿಜವಾದ ಬದಲಾವಣೆ ಅಂತ ಧೈರ್ಯವಾಗಿ ಹೇಳಬಹುದಂತೆ. 'ದಾರಿ ಸರಿಯಿದೆ. ಆದ್ರೆ ಈಗ್ಲೇ ಒಬ್ಬರೇ ಕಣಕ್ಕೆ ಇಳಿಯೋದು ಬೇಡ' ಅಂದರು. ಹೊಸ ಗಿರಾಕಿಯನ್ನು ಖುಷಿಪಡಿಸೋಕೆ ಮೂರು ಮಾರ್ಕನ್ನು ದೊಡ್ಡದು ಮಾಡಿ ಹೇಳಬಹುದಿತ್ತು. ಹೇಳಲಿಲ್ಲ. ನಾನು ಮತ್ತೆ ದುಡ್ಡು ಕಟ್ಟಿದ್ದು ಅದಕ್ಕೇ. ಅತ್ತೆ ಮಾತ್ರ ಮನೆಗೆ ಬಂದು ನೆಂಟರಿಗೆಲ್ಲ ಫೋನ್ ಮಾಡಿ '56ಕ್ಕೆ 44, ಫಸ್ಟ್ ಕ್ಲಾಸ್' ಅಂತ ಹೇಳಿಕೊಂಡರು.

ಮೊದಲ ದಿನ ಆದ ಮೇಲೆ ಸಲಕ್ಕೆ 350 ರೂಪಾಯಿ. ಹೋಗುವವರು ದಿನಾ ಹಾಕುವ ಚಪ್ಪಲಿ, ಕನ್ನಡಕ, ಮಾತ್ರೆಗಳ ಚೀಟಿ ತೆಗೆದುಕೊಂಡು ಹೋಗಿ. ಕೋಲು ಬಳಸುತ್ತಿದ್ದರೆ ಅದೂ ಇರಲಿ. ಬಿದ್ದದ್ದು ಎಲ್ಲಿ, ಯಾವಾಗ ಅಂತ ಮನೆಯಲ್ಲೇ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಮೆಟ್ಟಿಲು ಹತ್ತಿಸೋಕೆ ಗಟ್ಟಿಮುಟ್ಟಾದ ಒಬ್ಬರು ಜೊತೆಗಿರಲಿ. ಸಂತೆ ದಿನ ಮಾತ್ರ ಹೋಗಬೇಡಿ, ಬಾಗಿಲ ಹತ್ತಿರ ಗಾಡಿ ನಿಲ್ಲಿಸೋಕೆ ಜಾಗ ಸಿಗಲ್ಲ.